ಮನೆಯಂಗಳದಲ್ಲಿ ಬಿಡುವಿನ ವೇಳೆಯ ಕಾರು ರಿಪೇರಿ: ಕಡಿಮೆ ಬಂಡವಾಳದಲ್ಲಿ ಶುರು ಮಾಡುವ ಬಗೆ

ಮನೆಯಲ್ಲಿ ರಿಪೇರಿ ಮಾಡುವವರಿಗೆ ಗಾಡಿ ಎತ್ತುವ ಲಿಫ್ಟ್ ಇರುವುದಿಲ್ಲ, ಬಿಚ್ಚಿಟ್ಟ ಗಾಡಿಯನ್ನು ನಾಳೆ ಬೆಳಿಗ್ಗೆ ಮುಂದುವರಿಸೋಣ ಎನ್ನುವ ಸವಲತ್ತೂ ಇರುವುದಿಲ್ಲ. ಸಂಜೆ ಬಿಚ್ಚಿದ್ದನ್ನು ಸಂಜೆಯೇ ಜೋಡಿಸಿ ಕಳಿಸಬೇಕು. ಆದ್ದರಿಂದ ಯಾವ ಕೆಲಸ ಬೇಡ ಎನ್ನುವ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. 3 ಗಂಟೆಯೊಳಗೆ ಮುಗಿಯುವಂಥದ್ದು, ಇಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ಆಗುವಂಥದ್ದು ಮಾತ್ರ ಸಾಕು: ಆಯಿಲ್ ಮತ್ತು ಫಿಲ್ಟರ್, ಬ್ರೇಕ್ ಪ್ಯಾಡ್, ಬ್ಯಾಟರಿ, ಸ್ಪಾರ್ಕ್ ಪ್ಲಗ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಹೊರಗಿನ ಬೆಲ್ಟ್, ಇಂಜಿನ್ ತಂಪಾಗಿಡುವ ಕೂಲೆಂಟ್. ಕ್ಲಚ್, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಏರ್‌ಬ್ಯಾಗ್, ಪೆಟ್ರೋಲ್ ಟ್ಯಾಂಕ್ ಬೇಡ. ಎಸಿ ಗ್ಯಾಸ್ ಕೂಡ ಬೇಡ, ಅದನ್ನು ಗಾಳಿಗೆ ಬಿಡದೆ ಹೀರಿಕೊಳ್ಳುವ ಯಂತ್ರ ದುಬಾರಿ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲಿಗೆ ಅದರ ತರಬೇತಿ ಇಲ್ಲದೆ ಕೈ ಹಾಕಲೇಬಾರದು, ಅದರಲ್ಲಿ ಹರಿಯುವ ವೋಲ್ಟೇಜ್ ಜೀವ ತೆಗೆಯುವಷ್ಟಿರುತ್ತದೆ.

ಮೊದಲ ಗಿರಾಕಿ ಬರುವ ಮುಂಚೆ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ವಾಸದ ಮನೆಯಲ್ಲಿ ಈ ಕೆಲಸಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕೇ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ವಿಮೆಯಲ್ಲಿ ಗಿರಾಕಿಯ ಗಾಡಿ ಸೇರುತ್ತದೆಯೇ. ಮನೆಯ ವಿಮೆ ಸಾಮಾನ್ಯವಾಗಿ ವ್ಯಾಪಾರಕ್ಕೆ ಅನ್ವಯಿಸುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಬೇರೆ ರಕ್ಷಣೆ ಬೇಕಾಗಬಹುದು.

ನೆಲ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ಬಿಸಿಲಿಗೆ ಕಾದ ಡಾಂಬರಿನಲ್ಲಿ, ಎತ್ತಿದ ಗಾಡಿಯನ್ನು ಹೊರುವ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ, ಅಡಿಗೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಕಿ. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದು ಸ್ಟ್ಯಾಂಡ್. ಹೈಡ್ರಾಲಿಕ್ ಜಾಕಿಯೊಳಗಿನ ಒಂದು ರಬ್ಬರ್ ಸೀಲ್ ಹೋದರೆ ಗಾಡಿ ಕೆಳಗೆ ಬರುತ್ತದೆ. ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಡಿ, ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಕೆಲಸಕ್ಕೆ ಗುಂಡಿ ತೋಡುವ ಯೋಚನೆ ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಇಳಿದು ನಿಲ್ಲುತ್ತದೆ, ಒಂದು ಕಿಡಿ ಸಾಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ.

ಉಪಕರಣಕ್ಕೆ ಹಣ ಹಾಕುವಾಗ ಒಂದು ಕ್ರಮ ಇರಲಿ. 3 ಟನ್ನಿನ ಒಂದು ಜೊತೆ ಸ್ಟ್ಯಾಂಡ್, ಜಾಕಿ, 8ರಿಂದ 24 ಮಿಲಿಮೀಟರಿನವರೆಗಿನ ಸಾಕೆಟ್ ಮತ್ತು ರಿಂಗ್ ಪಾನಾ, ಮಲ್ಟಿಮೀಟರ್, ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ, ಲೈವ್ ಡೇಟಾ ತೋರಿಸುವ ಒಬಿಡಿ ಸ್ಕ್ಯಾನರ್, ಬೋಲ್ಟನ್ನು ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್. ಉಳಿದದ್ದನ್ನು ಆಯಾ ಕೆಲಸ ಬಂದಾಗ ಆ ಕೆಲಸದ ದುಡ್ಡಿನಲ್ಲೇ ಕೊಳ್ಳಿ. ಟಾರ್ಕ್ ರೆಂಚ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಸಾಮಾನ್ಯ ಕಾರುಗಳ ಚಕ್ರದ ನಟ್ಟಿಗೆ 90ರಿಂದ 120 ನ್ಯೂಟನ್ ಮೀಟರ್, ಆಯಿಲ್ ಡ್ರೇನ್ ಬೋಲ್ಟಿಗೆ ಹೆಚ್ಚಾಗಿ 25ರಿಂದ 40. ನಿಖರ ಅಂಕಿ ಆಯಾ ಗಾಡಿಯ ಕೈಪಿಡಿಯದ್ದೇ ಆಗಬೇಕು. ಕೈಬಲದ ಅಂದಾಜಿನಲ್ಲಿ ಬಿಗಿದರೆ ಅಲ್ಯೂಮಿನಿಯಂ ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಥ್ರೆಡ್ ಕಿತ್ತುಬರುತ್ತದೆ, ಆ ದಿನದ ದುಡಿಮೆ ಅಲ್ಲಿಗೇ ಹೋಗುತ್ತದೆ.

ಮುಂದಿನ ಬ್ರೇಕ್ ಪ್ಯಾಡ್ ಬದಲಿಸುವುದು ಈ ವ್ಯಾಪಾರದ ಒಳ್ಳೆಯ ಕೆಲಸ, ಸೋಮಾರಿತನ ಬೇಗ ಬಯಲಾಗುವ ಕೆಲಸವೂ ಹೌದು. ಚಕ್ರ ಬಿಚ್ಚಿದ ಕೂಡಲೇ ಹಳೆ ಪ್ಯಾಡ್‌ಗಳ ದಪ್ಪ ಹೋಲಿಸಿ. ಒಳಗಿನದು ಹೊರಗಿನದಕ್ಕಿಂತ ಹೆಚ್ಚು ಸವೆದಿದ್ದರೆ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರಿನಲ್ಲಿ, ಅದು ಜಾರುವ ಸ್ಲೈಡ್ ಪಿನ್ ಅಥವಾ ಪ್ಯಾಡ್ ತಳ್ಳುವ ಪಿಸ್ಟನ್ ಹಿಡಿದುಕೊಂಡಿದೆ ಎಂದೇ ಅನುಮಾನಿಸಿ. ಅದನ್ನು ಸರಿಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ, ಗಿರಾಕಿ ನಿಮ್ಮನ್ನೇ ಕೇಳುತ್ತಾರೆ. ಕ್ಯಾಲಿಪರನ್ನು ಬ್ರೇಕ್ ಹೋಸಿನಿಂದ ಜೋತುಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪಿನ್ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಕಚ್ಚುತ್ತದೆ. ಮೇಲಿನ ಪಿನ್ನು ಕೆಳಗಿನದು ಒಂದೇ ಥರ ಇರಲಿಕ್ಕಿಲ್ಲ, ಅದಲುಬದಲು ಮಾಡಬೇಡಿ.

ಪಿಸ್ಟನ್ ಹಿಂದಕ್ಕೆ ತಳ್ಳುವ ಮುಂಚೆ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮೇಲಿನ ಗೆರೆಯವರೆಗೆ ತುಂಬಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ, ಇಲ್ಲವಾದರೆ ಉಕ್ಕಿ ಬಣ್ಣ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ. ಹಿಂದಿನ ಚಕ್ರದ ಎಷ್ಟೋ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತಾ ಒತ್ತಬೇಕು. ಜಿ ಕ್ಲ್ಯಾಂಪ್ (ತಿರುಪು ಬಿಗಿದು ಒತ್ತುವ ಉಪಕರಣ) ಹಾಕಿ ನೇರ ಒತ್ತಿದರೆ ಒಳಗಿನ ಹ್ಯಾಂಡ್‌ಬ್ರೇಕಿನ ಭಾಗ ಮುರಿಯುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ, ಅಳೆದು ನೋಡಿ. ಹೊಸ ಡಿಸ್ಕ್ ಹಾಕುವುದಾದರೆ ಡಿಸ್ಕ್ ಕೂರುವ ಹಬ್‌ನ (ಚಕ್ರದ ನಡುಭಾಗದ) ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಉಜ್ಜಿ. ಅಲ್ಲಿ ಉಳಿದ ಸಣ್ಣ ತುಕ್ಕಿನ ಪದರವೂ ಡಿಸ್ಕನ್ನು ಓರೆಯಾಗಿ ತಿರುಗಿಸುತ್ತದೆ, ಕೆಲವು ಸಾವಿರ ಕಿಲೋಮೀಟರಿನಲ್ಲೇ ಪೆಡಲ್ ನಡುಗಲು ಶುರುವಾಗುತ್ತದೆ. ಬ್ರೇಕಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಸ್) ಇರಬಹುದು. ಎಲ್ಲ ಜೋಡಿಸಿದ ಮೇಲೆ ಗಾಡಿ ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಾ ಇರಿ. ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಇದನ್ನು ಮರೆತು ಗಾಡಿ ಹಿಂದಕ್ಕೆ ತೆಗೆದರೆ ಕಾಂಪೌಂಡ್ ಗೋಡೆಯೇ ಬ್ರೇಕು.

ಆಯಿಲ್ ಬದಲಿಸುವಾಗ ಆಗುವ ದುಬಾರಿ ತಪ್ಪೆಂದರೆ ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡು ಉಳಿಯುವುದು. ಹೊಸ ಫಿಲ್ಟರ್ ಅದರ ಮೇಲೆ ಕೂತರೆ ಮೊದಲಿಗೆ ಸೋರುವುದಿಲ್ಲ, ರಸ್ತೆಯಲ್ಲಿ ಒತ್ತಡ ಏರಿದಾಗ ಕಿತ್ತುಕೊಂಡು ಇಂಜಿನ್ ಆಯಿಲ್ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಬಿಚ್ಚಿದ ಫಿಲ್ಟರನ್ನು ತಿರುಗಿಸಿ ರಿಂಗ್ ಅದರಲ್ಲೇ ಇದೆಯೇ ನೋಡುವುದು ಎರಡು ಸೆಕೆಂಡಿನ ಕೆಲಸ.

ಬ್ಯಾಟರಿಯ ದೂರು ಬಂದರೆ ಅಳೆಯದೆ ಹೊಸದು ಮಾರಬೇಡಿ. ಕೆಲವು ಗಂಟೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಇಂಜಿನ್ ಓಡುತ್ತಿದ್ದರೂ 12.3ರಲ್ಲೇ ನಿಂತರೆ ತೊಂದರೆ ಆಲ್ಟರ್ನೇಟರ್, ಬೆಲ್ಟ್ ಅಥವಾ ವೈರಿಂಗಿನದು. ರಾತ್ರಿ ನಿಂತಲ್ಲೇ ಇಳಿಯುತ್ತಿದ್ದರೆ ಸೋರುವ ಕರೆಂಟ್ ಅಳೆಯಿರಿ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟ ಮೇಲೆ ಸುಮಾರು 50 ಮಿಲಿಆಂಪಿಯರ್ ಮೀರಬಾರದು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಅದು ಕೊನೆಗೆ.

ಕೂಲಿಯ ಲೆಕ್ಕದಲ್ಲಿ ಪಾನಾ ಹಿಡಿದ ಗಂಟೆ ಮಾತ್ರ ಎಣಿಸಿದರೆ ನಷ್ಟ ಖಚಿತ. ಸ್ಪೇರ್ ತರಲು ಓಡಾಡಿದ್ದು, ಫೋನು, ನೆಲ ತೊಳೆದದ್ದು ಎಲ್ಲವೂ ನಿಮ್ಮ ಸಮಯ. ತಪಾಸಣೆಗೆ ಬೇರೆಯೇ ಶುಲ್ಕ ಇಟ್ಟು ಅದನ್ನು ಗಾಡಿ ಮುಟ್ಟುವ ಮುಂಚೆಯೇ ಹೇಳಿ. ಸ್ಪೇರ್ ಹಣ ಮುಂಗಡ ಪಡೆಯಿರಿ. ಗಿರಾಕಿಯೇ ತಂದ ಸ್ಪೇರ್ ಹಾಕಿದರೆ ಗ್ಯಾರಂಟಿ ಕೂಲಿಗೆ ಮಾತ್ರ ಎಂದು ಬರೆದುಕೊಡಿ. ಪ್ರತಿ ಕೆಲಸದ ವಿವರ ಬರೆದಿಡುವ ಜಾಬ್ ಕಾರ್ಡಿನಲ್ಲಿ ದಿನಾಂಕ, ಓಡಿದ ಕಿಲೋಮೀಟರ್, ಗಿರಾಕಿ ಹೇಳಿದ ದೂರು ಅವರದೇ ಮಾತಿನಲ್ಲಿ, ಅಂದಾಜು ಮೊತ್ತ ಇರಲಿ. ಮೊದಲೇ ಇದ್ದ ಗೀರುಗಳ ಫೋಟೋ ತೆಗೆದಿಡಿ. ಅಂದಾಜು ಮೀರುವಂತಿದ್ದರೆ ಕೆಲಸ ನಿಲ್ಲಿಸಿ ಮೆಸೇಜಿನಲ್ಲಿ ಒಪ್ಪಿಗೆ ಪಡೆಯಿರಿ.

ಹಳೆ ಆಯಿಲನ್ನು ಮುಚ್ಚಳದ ಕ್ಯಾನಿನಲ್ಲಿ ಪ್ರತ್ಯೇಕವಾಗಿ ಶೇಖರಿಸಿ, ಮರುಬಳಕೆಗೆ ಪಡೆಯುವವರಿಗೇ ಕೊಡಿ. ಅದಕ್ಕೆ ಕೂಲೆಂಟ್ ಅಥವಾ ಬ್ರೇಕ್ ಕ್ಲೀನರ್ ಬೆರೆತರೆ ಅವರು ತಿರಸ್ಕರಿಸಬಹುದು. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿ, ಆದರೆ ವಿಷ. ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ, ಮಕ್ಕಳಿರುವ ಮನೆಯಲ್ಲಂತೂ ಟ್ರೇಯನ್ನು ಒಂದು ಕ್ಷಣವೂ ತೆರೆದಿಡಬೇಡಿ. ನೆಲಕ್ಕೆ ಬಿದ್ದ ಹನಿಗೆ ಮರದ ಹೊಟ್ಟು ಹಾಕಿ ಗುಡಿಸಿ, ಹೊಟ್ಟನ್ನು ಎಣ್ಣೆಬಟ್ಟೆಗಳ ಜೊತೆ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ ಮನೆಯಿಂದ ದೂರವಿಡಿ.