ಸ್ಪಿತಿಯ ಕಲ್ಲು ಬಿಟ್ಟು ಕೊಡಗಿನ ಕೆಸರಿಗೆ

ನಾನು ಭೂವಿಜ್ಞಾನಿ ಅಂತ ಗೊತ್ತಾದ ಕೂಡಲೇ ಮಡಿಕೇರಿಯಲ್ಲಿ ಎಲ್ಲರೂ ಕೇಳುವುದು ಒಂದೇ, ನಮ್ಮಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ ಅಂತ. ಸಿಗುವುದಿಲ್ಲ. ಇಲ್ಲಿನ ಎಷ್ಟೋ ಬಂಡೆಗಳ ವಯಸ್ಸು 300 ಕೋಟಿ ವರ್ಷಕ್ಕೂ ಜಾಸ್ತಿ. ಆಗ ಮೂಳೆ ಇರುವ ಪ್ರಾಣಿಗಳೇ ಹುಟ್ಟಿರಲಿಲ್ಲ.

ನಾನು ಮೊದಲು ಕೆಲಸ ಮಾಡಿದ್ದು ಹಿಮಾಚಲದ ಸ್ಪಿತಿಯಲ್ಲಿ. ಸುಮಾರು 25.2 ಕೋಟಿ ವರ್ಷದ ಹಿಂದೆ ಸೈಬೀರಿಯಾದ ಜ್ವಾಲಾಮುಖಿಗಳು ಗಾಳಿಗೆ ವಿಪರೀತ ಇಂಗಾಲ ಉಗುಳಿದವು. ಕಡಲಿನ ಜೀವಜಾತಿಗಳಲ್ಲಿ ಶೇ. 80ಕ್ಕೂ ಹೆಚ್ಚು ಅಳಿದುಹೋದವು. ಸ್ಪಿತಿಯಲ್ಲಿ ಅದರ ಗುರುತು ಕಪ್ಪು ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ಮೇಲಿನ ತುಕ್ಕು ಬಣ್ಣದ ತೆಳು ಪದರ. ಆದರೆ ಅಲ್ಲಿ ನಡುವಿನ ಎಷ್ಟೋ ಕಾಲದ ಪದರಗಳೇ ಇಲ್ಲ. ಹವೆ ಬದಲಾದಾಗ ಜೀವಿಗಳು ಎಷ್ಟು ಬೇಗ ಬದಲಾದವು ಅಂತ ಕೇಳಿದರೆ ಆ ಕಲ್ಲು ಬಾಯಿ ಬಿಡುವುದಿಲ್ಲ. ಜೌಗಿನ ಕೆಸರಾದರೆ ಕದಡದಿದ್ದರೆ ಪದರದ ಮೇಲೆ ಪದರವಾಗಿ ಕೂರುತ್ತದೆ. ಅದಕ್ಕೇ ಕೊಡಗಿನ ಕೆಸರಿಗೆ ಇಳಿದೆ.

ಜಾಗ ಹುಡುಕುವುದೇ ಅರ್ಧ ಕೆಲಸ. ಗದ್ದೆ ಬೇಡ, ಉತ್ತು ಉತ್ತು ಪದರ ಕಲಸಿರುತ್ತದೆ. ತೋಟದ ಕೆರೆಯಲ್ಲಿ ಹೂಳು ತೆಗೆದಿರುತ್ತಾರೆ. ನನಗೆ ಬೇಕಾದದ್ದು ದೇವರಕಾಡಿನ ಪಕ್ಕದ, ಗುದ್ದಲಿ ಬೀಳದ ಜೌಗು. ಊರಿನವರನ್ನು ಕೇಳದೆ ಅಲ್ಲಿ ಕಾಲಿಡುವಂತಿಲ್ಲ, ಇಡಲೂಬಾರದು.

"ಈ ಕೆಸರು ತಗೊಂಡು ಹೋಗಿ ಏನ್ ಮಾಡ್ತೀರಿ?" ಅಂದರು ಅಲ್ಲಿನ ಹಿರಿಯರೊಬ್ಬರು.

"ಹಳೇ ಕಾಲದ ಮಳೆ ಲೆಕ್ಕ ಹಾಕ್ತೀನಿ ತಾತ."

ಅವರು ಒಳಗೆ ಹೋಗಿ ತಮ್ಮ ತೋಟದ ಮಳೆ ಪುಸ್ತಕ ತಂದರು. ದಿನದಿನದ ಮಳೆ, ಇಂಚು ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು)! ಒಪ್ಪಿಗೆ ಸಿಕ್ಕಿತು ಅಂದುಕೊಂಡೆ.

ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ಮುಂಚೆಯೇ ಹೋಗುತ್ತೇನೆ. ಕೈಯಿಂದ ತಿರುಗಿಸುವ ಕೊಳವೆ ಇಳಿಸಿ, ಅರ್ಧರ್ಧ ಮೀಟರ್ ಕೆಸರು ಮೇಲೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲಿನ ತುದಿಗೆ ಗುರುತು ಹಾಕುತ್ತೇನೆ. ಲ್ಯಾಬಿನಲ್ಲಿ ಒಂದೊಂದು ಸೆಂಟಿಮೀಟರಿಗೆ ಕತ್ತರಿಸುವುದು.

ಆಮೇಲೆ ನೋಡುವುದು ಇಂಗಾಲ-13, ಅಂದರೆ ಇಂಗಾಲದ ಕೊಂಚ ಭಾರದ ರೂಪ, ಎಷ್ಟಿದೆ ಅಂತ. ಸ್ಪಿತಿಯಲ್ಲೂ ನೋಡಿದ್ದು ಅದನ್ನೇ. ಮರಗಳಿಂದ ಬಂದ ಇಂಗಾಲದ ಅಳತೆ (ಗೊತ್ತುಮಾಡಿದ ಮಾದರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚುಕಡಿಮೆ ಅಂತ) ಸಾಮಾನ್ಯವಾಗಿ ಮೈನಸ್ 27ರ ಆಸುಪಾಸು, ಬಿಸಿಲು ನಾಡಿನ ಹುಲ್ಲಿನದು ಮೈನಸ್ 12ರ ಹತ್ತಿರ. ಹಾಗಾಗಿ ಆ ಕಾಲದಲ್ಲಿ ಸುತ್ತ ಕಾಡಿತ್ತೋ ಹುಲ್ಲುಗಾವಲೋ ಅಂತ ಗೊತ್ತಾಗುತ್ತದೆ. ಜೊತೆಗೆ ಪರಾಗ ಎಣಿಸುತ್ತೇನೆ. ಸಿಲ್ವರ್ ಓಕ್ ಪರಾಗ ಕಂಡರೆ ಆ ಪದರ ಕಾಫಿ ತೋಟಗಳು ಬಂದ ಮೇಲಿನದು. ಅದು ಆಸ್ಟ್ರೇಲಿಯಾದ ಮರ ಅಲ್ವಾ.

ವಯಸ್ಸಿಗೆ ಇಂಗಾಲ-14, ಜೀವಿ ಸತ್ತ ಮೇಲೆ ಗೊತ್ತಾದ ವೇಗದಲ್ಲಿ ಕಮ್ಮಿಯಾಗುವ ಇಂಗಾಲ. ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಇಲ್ಲಿ ನಾನು ಸ್ವಲ್ಪ ಜಿಪುಣ. ಇಡೀ ಕೆಸರನ್ನು ಕಳಿಸುವುದಿಲ್ಲ, ಎಲೆಚೂರು ಅಥವಾ ಬೀಜ ಆರಿಸಿ ಕಳಿಸುತ್ತೇನೆ. ಮೇಲಿನಿಂದ ಇಳಿದ ಬೇರು ಸೇರಿದ್ದರೆ ಹಳೆಯ ಪದರಕ್ಕೂ ಎಳೆಯ ವಯಸ್ಸು ಬರುತ್ತದೆ. ಕೊಟ್ಟ ದುಡ್ಡು ದಂಡ.