ವಿಮ್ ಎಡಿಟರಿನ ಹೆಲ್ಪ್ ಪುಟ ತಿದ್ದುವುದು ಹೇಗೆ

ಬೆಂಗಳೂರಿನ ಐಟಿ ಕೆಲಸದಲ್ಲಿರುವ ಎಷ್ಟೋ ಜನ ಟೆಕ್ಸ್ಟ್ ಫೈಲ್ ತಿದ್ದುವುದಕ್ಕೆ ದಿನಾ ವಿಮ್ ಎಡಿಟರ್ ಬಳಸುತ್ತಾರೆ. ಕೆಲವರು ಇಷ್ಟಪಟ್ಟು ಬಳಸುತ್ತಾರೆ, ಇನ್ನು ಕೆಲವರು ಆನ್‌ಕಾಲ್ ದಿನ ರಾತ್ರಿ ಎರಡು ಗಂಟೆಗೆ ಯಾವುದೋ ಸರ್ವರ್‌ಗೆ ಲಾಗಿನ್ ಆಗಿ, ಅಲ್ಲಿ ಬೇರೆ ಎಡಿಟರ್ ಇಲ್ಲದೆ ಬಳಸುತ್ತಾರೆ. ಆ ಸರ್ವರ್‌ನಲ್ಲಿ ಬ್ರೌಸರ್ ಇರುವುದಿಲ್ಲ. ವಿಮ್ ಪೂರ್ತಿ ಪ್ಯಾಕೇಜ್ ಹಾಕಿದ್ದರೆ ಅದರ ಜೊತೆಗೇ ಬಂದ ಹೆಲ್ಪ್ ಇರುತ್ತದೆ, ಅಷ್ಟೇ. ಅದರಲ್ಲಿ ಒಂದು ಸಾಲು ತಪ್ಪಿದ್ದರೂ ಆ ಹೊತ್ತಿನಲ್ಲಿ ಓದುವವರಿಗೆ ಬೇರೆ ದಾರಿ ಇಲ್ಲ. ಅದಕ್ಕೇ ಹೆಲ್ಪ್ ತಿದ್ದುವ ಕೆಲಸ ಮುಖ್ಯ ಅನ್ನುತ್ತೇನೆ, ಮತ್ತು ಇದಕ್ಕೆ ವಿಮ್ ಬರೆದಿರುವ ಸಿ ಭಾಷೆ ಬರಲೇಬೇಕು ಅಂತೇನೂ ಇಲ್ಲ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ವಿಮ್ ಹೆಲ್ಪ್‌ನಲ್ಲಿ ಎರಡು ಭಾಗ ಇದೆ. ಯೂಸರ್ ಮ್ಯಾನ್ಯುಯಲ್ ಹೊಸಬರಿಗೆ ಕಲಿಸುವುದಕ್ಕೆ, ಮೊದಲಿಂದ ಕೊನೆವರೆಗೆ ಓದುವುದಕ್ಕೆ. ರೆಫರೆನ್ಸ್ ಮ್ಯಾನ್ಯುಯಲ್ ಹುಡುಕಿ ನೋಡುವುದಕ್ಕೆ. ರೆಫರೆನ್ಸ್‌ನಲ್ಲಿ ಎಡಿಟರ್ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಬರೆಯಬೇಕು. ನಿಮಗೆ ಯಾವ ಸೆಟ್ಟಿಂಗ್ ಇಷ್ಟ, ಯಾವುದು ಒಳ್ಳೇದು ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ.

ಹಾಗಾಗಿ ತಿದ್ದುವ ಮುಂಚೆ ಪರೀಕ್ಷೆ ಮಾಡಿ. ಸ್ಕ್ರೋಲ್‌ಆಫ್ ಅನ್ನುವ ಆಪ್ಷನ್ ತಗೊಳ್ಳಿ. ಕರ್ಸರ್ ಮೇಲೆ ಕೆಳಗೆ ಎಷ್ಟು ಸಾಲು ಯಾವಾಗಲೂ ಕಾಣಬೇಕು ಅಂತ ಹೇಳುವ ಆಪ್ಷನ್ ಇದು. ನಿಮ್ಮದೇ ವಿಮ್‌ಆರ್‌ಸಿ ಫೈಲ್ (ನಿಮ್ಮ ಸೆಟ್ಟಿಂಗ್‌ಗಳ ಫೈಲ್) ಇಲ್ಲದ ಮೆಷಿನ್‌ನಲ್ಲಿ ಸೆಟ್ ಕಮಾಂಡಿನಿಂದ ಇದರ ಬೆಲೆ (ವ್ಯಾಲ್ಯೂ) ಕೇಳಿದರೆ 5 ಅಂತ ಬರುತ್ತದೆ. ಹೆಲ್ಪ್ ತೆಗೆದರೆ ಡೀಫಾಲ್ಟ್ 0 ಅಂತ ಇದೆ. ತಪ್ಪು ಸಿಕ್ಕಿತು ಅಂತ 0 ಅಳಿಸಿ 5 ಬರೆಯಲು ಹೊರಡಬೇಡಿ! ಸೆಟ್ ಕಮಾಂಡಿನ ಮುಂದೆ ವರ್ಬೋಸ್ ಸೇರಿಸಿ ಮತ್ತೆ ಕೇಳಿ. ಆ ಬೆಲೆಯನ್ನು ಕೊನೆಯದಾಗಿ ಯಾವ ಫೈಲ್, ಎಷ್ಟನೇ ಸಾಲು ಬದಲಿಸಿತು ಅಂತ ವಿಮ್ ಹೇಳುತ್ತದೆ. ಇಲ್ಲಿ ಬರುವುದು ಡೀಫಾಲ್ಟ್ಸ್ ಅನ್ನುವ ಸ್ಕ್ರಿಪ್ಟಿನ ಹೆಸರು. ವಿಮ್ 8ರಿಂದ, ಬಳಸುವವರ ವಿಮ್‌ಆರ್‌ಸಿ ಇಲ್ಲದಿದ್ದರೆ ಆ ಸ್ಕ್ರಿಪ್ಟ್ ತಾನೇ ಓಡುತ್ತದೆ. ಹೆಲ್ಪ್‌ನ ಅದೇ ಸಾಲನ್ನು ಪೂರ್ತಿ ಓದಿದರೆ 0ರ ಪಕ್ಕದಲ್ಲೇ, ಡೀಫಾಲ್ಟ್ಸ್ ಸ್ಕ್ರಿಪ್ಟ್ ಇದನ್ನು 5 ಮಾಡುತ್ತದೆ ಅಂತ ಬರೆದಿದೆ. ಎರಡೂ ನಿಜ, ಎರಡೂ ಬೇಕು. ಒಳ್ಳೆ ರೆಫರೆನ್ಸ್ ಸಾಲು ಹೀಗಿರಬೇಕು.

ಪರೀಕ್ಷೆ ಆದಮೇಲೆ ಸೋರ್ಸ್ ಇಳಿಸಿಕೊಳ್ಳಿ. ಗಿಟ್‌ಹಬ್‌ನಲ್ಲಿ ಫೋರ್ಕ್ ಮಾಡಿ (ನಿಮ್ಮ ಖಾತೆಗೆ ನಕಲು), ಕ್ಲೋನ್ ಮಾಡಿ (ನಿಮ್ಮ ಮೆಷಿನ್‌ಗೆ ನಕಲು), ಹೊಸ ಬ್ರಾಂಚ್ (ನಿಮ್ಮ ಬದಲಾವಣೆಗೆ ಬೇರೆ ಕವಲು) ತೆಗೆಯಿರಿ. ಇತಿಹಾಸ ಪೂರ್ತಿ ಬೇಡ ಅಂದರೆ ಡೆಪ್ತ್ 1 ಕೊಟ್ಟು ಕ್ಲೋನ್ ಮಾಡಿದರೆ ಡೇಟಾ ಉಳಿಯುತ್ತದೆ. ಹೆಲ್ಪ್ ಫೈಲ್‌ಗಳು ರನ್‌ಟೈಮ್ ಫೋಲ್ಡರ್ ಒಳಗಿನ ಡಾಕ್ ಫೋಲ್ಡರ್‌ನಲ್ಲಿವೆ. ಎಲ್ಲಾ ಸಾದಾ ಟೆಕ್ಸ್ಟ್ ಫೈಲ್‌ಗಳೇ. ಹೆಲ್ಪ್ ಕಮಾಂಡಿನಿಂದ ತೆಗೆದರೆ ತಿದ್ದಲು ಬಿಡುವುದಿಲ್ಲ, ಆದ್ದರಿಂದ ಎಡಿಟ್ ಕಮಾಂಡಿನಿಂದ ತೆಗೆಯಿರಿ. ತೆಗೆದ ತಕ್ಷಣ, ಗುರುತುಗಳನ್ನು ಬಚ್ಚಿಡುವ ಕನ್ಸೀಲ್‌ಲೆವೆಲ್ ಆಪ್ಷನ್ ಅನ್ನು 0 ಮಾಡಿ. ಇಲ್ಲದಿದ್ದರೆ ನೀವು ತಿದ್ದಬೇಕಾದ ಗುರುತುಗಳೇ ಕಣ್ಣಿಗೆ ಕಾಣುವುದಿಲ್ಲ, ಸುಮ್ನೆ ತಲೆ ಕೆಡುತ್ತದೆ.

ಗುರುತುಗಳು ಕಡಿಮೆಯೇ. ಎರಡು ನಕ್ಷತ್ರದ ನಡುವೆ ಇರುವುದು ಟ್ಯಾಗ್, ಅಂದರೆ ಬೇರೆ ಕಡೆಯಿಂದ ಬಂದು ಸೇರುವ ಜಾಗ. ಎರಡು ನಿಂತ ಗೆರೆಯ ನಡುವೆ ಇರುವುದು ಲಿಂಕ್. ಆಪ್ಷನ್ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಬೇಕು. ಉದಾಹರಣೆ ಕೋಡ್ ಶುರುವಾಗುವ ಹಿಂದಿನ ಸಾಲಿನ ಕೊನೆಗೆ > ಹಾಕಿ, ಕೋಡ್ ಮುಗಿದ ಮೇಲೆ ಮುಂದಿನ ಸಾಲಿನ ಮೊದಲ ಅಕ್ಷರವಾಗಿ < ಹಾಕಿ. ಸಾಲಿನ ಅಗಲ 78, ಟ್ಯಾಬ್ 8, ಟ್ಯಾಬ್ ಬದಲು ಸ್ಪೇಸ್ ಹಾಕಬಾರದು. ಇದೆಲ್ಲಾ ಫೈಲಿನ ಕೊನೆಯ ಮೋಡ್‌ಲೈನ್‌ನಲ್ಲೇ (ಆ ಫೈಲಿನ ಸೆಟ್ಟಿಂಗ್ ಹೇಳುವ ಸಾಲು) ಇರುವುದರಿಂದ ಅದನ್ನು ಮುಟ್ಟದಿದ್ದರೆ ಸಾಕು. ಒಂದು ಪದ ಸೇರಿಸಿದ್ದಕ್ಕೆ ಇಡೀ ಪ್ಯಾರಾವನ್ನು ಮತ್ತೆ ಹೊಂದಿಸಲು ಹೋಗಬೇಡಿ. ಡಿಫ್‌ನಲ್ಲಿ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಪಟ್ಟಿಯಲ್ಲಿ) ಹತ್ತು ಸಾಲು ಬದಲಾದ ಹಾಗೆ ಕಾಣುತ್ತದೆ, ನಿಜವಾದ ಬದಲಾವಣೆ ಯಾವುದು ಅಂತ ಪರಿಶೀಲಿಸುವವರಿಗೆ ಗೊತ್ತಾಗುವುದಿಲ್ಲ.

ಟ್ಯಾಗ್ ವಿಷಯದಲ್ಲಿ ಬಹಳ ಹುಷಾರಾಗಿರಿ. ಹಳೆಯ ಟ್ಯಾಗ್ ಹೆಸರು ಚೆನ್ನಾಗಿಲ್ಲ ಅನಿಸಿದರೂ ಅಳಿಸಬೇಡಿ. ಬೇರೆ ಹೆಲ್ಪ್ ಫೈಲ್‌ಗಳು, ಪ್ಲಗಿನ್‌ಗಳು, ಜನರ ಟಿಪ್ಪಣಿಗಳು ಎಲ್ಲಾ ಅದನ್ನೇ ನಂಬಿಕೊಂಡಿರುತ್ತವೆ. ಹೊಸ ಹೆಸರು ಬೇಕೇ ಬೇಕು ಅಂದರೆ ಪಕ್ಕದಲ್ಲಿ ಇನ್ನೊಂದು ಟ್ಯಾಗ್ ಸೇರಿಸಿ, ಒಂದೇ ಜಾಗಕ್ಕೆ ಎರಡು ಟ್ಯಾಗ್ ಇರಬಹುದು. ಆದರೆ ಒಂದೇ ಟ್ಯಾಗ್ ಎರಡು ಕಡೆ ಇರುವಂತಿಲ್ಲ. ಇದ್ದರೆ, ಟ್ಯಾಗ್‌ಗಳ ಪಟ್ಟಿ ತಯಾರಿಸುವ ಹೆಲ್ಪ್‌ಟ್ಯಾಗ್ಸ್ ಕಮಾಂಡ್ ಓಡಿಸಿದಾಗ ಇ154 ಅಂತ ಎರರ್ ಬರುತ್ತದೆ.

ಎಷ್ಟೋ ಜನ ಮರೆಯುವುದು ಇನ್ನೊಂದಿದೆ. ಒಂದೇ ಸಂಗತಿ ಹಲವು ಕಡೆ ಬರೆದಿರುತ್ತದೆ. ಒಂದು ಆಪ್ಷನ್ ಅಂದರೆ ಆಪ್ಷನ್ಸ್ ಫೈಲಿನಲ್ಲಿ ಪೂರ್ತಿ ವಿವರ, ಕ್ವಿಕ್‌ರೆಫ್ ಫೈಲಿನಲ್ಲಿ ಒಂದು ಸಾಲು. ಒಂದು ಫಂಕ್ಷನ್ ಅಂದರೆ ಬಿಲ್ಟಿನ್ ಫೈಲಿನ ಮೇಲ್ಗಡೆ ಪಟ್ಟಿಯಲ್ಲಿ ಒಂದು ಸಾಲು, ಕೆಳಗೆ ಅಕ್ಷರ ಕ್ರಮದಲ್ಲಿ ವಿವರ, ಮತ್ತೆ ಯೂಸರ್ ಮ್ಯಾನ್ಯುಯಲ್‌ನ 41ನೇ ಅಧ್ಯಾಯದ ಪಟ್ಟಿಯಲ್ಲೂ ಇರುತ್ತದೆ. ಒಂದು ಕಡೆ ತಿದ್ದಿ ಉಳಿದದ್ದು ಬಿಟ್ಟರೆ, ಎರಡು ಪುಟ ಎರಡು ಮಾತು ಹೇಳುತ್ತವೆ. ಅದು ಮುಂಚಿನ ತಪ್ಪಿಗಿಂತ ಜಾಸ್ತಿ ಕೆಟ್ಟದ್ದು, ಅಲ್ವಾ? ಡಾಕ್ ಫೋಲ್ಡರ್ ಪೂರ್ತಿ ಗ್ರೆಪ್ ಮಾಡಿ (ಆ ಹೆಸರು ಹುಡುಕಿ), ಹೆಸರು ಬಂದ ಪ್ರತಿ ಜಾಗ ನೋಡಿ.

ನಿಯೋವಿಮ್ ಬಳಸುವವರು ಇಲ್ಲಿ ನಿಲ್ಲಿ. 2014ರಲ್ಲಿ ವಿಮ್‌ನಿಂದ ಕವಲೊಡೆದ ಈ ಎಡಿಟರ್‌ನಲ್ಲಿ ಹೆಲ್ಪ್‌ನ ರೂಪ ಹೆಚ್ಚು ಕಡಿಮೆ ಅದೇ, ಆದರೆ ಆಪ್ಷನ್‌ಗಳ ಮತ್ತು ಎಪಿಐ (ಬೇರೆ ಪ್ರೋಗ್ರಾಂಗಳು ಎಡಿಟರ್ ಜೊತೆ ಮಾತಾಡುವ ದಾರಿ) ಹೆಲ್ಪ್ ಪುಟಗಳು ಸೋರ್ಸ್ ಕೋಡಿನಿಂದ ತಾನಾಗಿ ತಯಾರಾಗುತ್ತವೆ. ಆ ಟೆಕ್ಸ್ಟ್ ಫೈಲನ್ನೇ ಕೈಯಿಂದ ತಿದ್ದಿದರೆ ಮುಂದಿನ ಸಲ ಆ ಪುಟಗಳನ್ನು ತಯಾರಿಸುವ ಮೇಕ್ ಡಾಕ್ ಕಮಾಂಡ್ ಓಡಿದಾಗ ನಿಮ್ಮ ಕೆಲಸ ಹೋಯಿತು. ಆಪ್ಷನ್‌ಗಳ ವಿವರ ಲುವಾ ಭಾಷೆಯ ಫೈಲಿನಲ್ಲಿದೆ, ಅಲ್ಲೇ ತಿದ್ದಬೇಕು.

ಕಳಿಸುವ ಮುಂಚೆ ಓದುವವರ ಜಾಗದಲ್ಲಿ ನಿಂತು ನೋಡಿ. ವಿಮ್‌ರನ್‌ಟೈಮ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ನಿಮ್ಮ ಕ್ಲೋನ್‌ನ ರನ್‌ಟೈಮ್ ಫೋಲ್ಡರ್‌ಗೆ ತಿರುಗಿಸಿ ವಿಮ್ ತೆಗೆಯಿರಿ, ಹೆಲ್ಪ್‌ಟ್ಯಾಗ್ಸ್ ಓಡಿಸಿ, ನೀವು ಹಾಕಿದ ಪ್ರತಿ ಲಿಂಕ್ ಮೇಲೆ ಕಂಟ್ರೋಲ್ ಮತ್ತು ] ಒತ್ತಿ. ಸರಿಯಾದ ಕಡೆ ಹೋಯಿತಾ ನೋಡಿ, ಕಂಟ್ರೋಲ್ ಟಿ ಒತ್ತಿ ವಾಪಸ್ ಬನ್ನಿ. ಫೈಲಿನ ಮೇಲೆ ಕೊನೆಯ ಬದಲಾವಣೆಯ ತಾರೀಕು ಇರುತ್ತದೆ, ಅದನ್ನೂ ಬದಲಿಸಿ. ವಿಮ್‌ನಲ್ಲಿ ಕಮಿಟ್ ಸಂದೇಶ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ರನ್‌ಟೈಮ್, ಆವರಣದಲ್ಲಿ ಡಾಕ್, ಕೋಲನ್ ಅಂತ ಶುರುವಾಗುತ್ತದೆ. ಆಮೇಲೆ ಏನು ತಪ್ಪಿತ್ತು, ಯಾವ ಆವೃತ್ತಿಯಲ್ಲಿ ಹೇಗೆ ಪರೀಕ್ಷೆ ಮಾಡಿದಿರಿ ಅಂತ ಎರಡು ಸಾಲು. ಒಂದು ಪುಲ್ ರಿಕ್ವೆಸ್ಟ್‌ಗೆ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಒಂದೇ ವಿಷಯ. ಪರಿಶೀಲಿಸುವವರು ಬದಲಾವಣೆ ಕೇಳಿದರೆ ಅದೇ ಬ್ರಾಂಚ್‌ಗೆ ಪುಶ್ ಮಾಡಿ (ಕಳಿಸಿ), ಹೊಸದು ತೆಗೆಯಬೇಡಿ.

ಇನ್ನು ಕನ್ನಡದಲ್ಲೇ ಹೆಲ್ಪ್ ಬರೆಯಬೇಕು ಅನ್ನುವವರಿಗೆ. ವಿಮ್ ಇದಕ್ಕೆ ದಾರಿ ಇಟ್ಟಿದೆ. ಫೈಲಿನ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಬದಲು ಭಾಷೆಯ ಎರಡಕ್ಷರ ಮತ್ತು ಎಕ್ಸ್ ಬರಬೇಕು, ಅಂದರೆ ಕನ್ನಡಕ್ಕೆ ಕೆಎನ್‌ಎಕ್ಸ್. ಹೆಲ್ಪ್‌ಲ್ಯಾಂಗ್ ಆಪ್ಷನ್‌ಗೆ ಕೆಎನ್ ಕೊಟ್ಟರೆ ಕನ್ನಡ ಪುಟವನ್ನೇ ಮೊದಲು ಹುಡುಕುತ್ತದೆ. ಟ್ಯಾಗ್‌ಗಳನ್ನು ಮಾತ್ರ ಅನುವಾದ ಮಾಡಬೇಡಿ. ಹಳೆಯ ನುಡಿ ಫಾಂಟಿನ ಎನ್‌ಕೋಡಿಂಗ್ ನಡೆಯುವುದಿಲ್ಲ, ಯೂನಿಕೋಡೇ ಆಗಬೇಕು. ಮೊದಲ ಸಾಲಿನಲ್ಲೇ ಒಂದಾದರೂ ಕನ್ನಡ ಅಕ್ಷರ ಇರಲಿ, ಫೈಲ್ ಯುಟಿಎಫ್-8 ಅಂತ ಹೆಲ್ಪ್‌ಟ್ಯಾಗ್ಸ್ ಗುರುತಿಸುವುದು ಅದರಿಂದಲೇ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಅದು ಟರ್ಮಿನಲ್ ಮತ್ತು ಫಾಂಟಿನ ತೊಂದರೆ, ಫೈಲ್ ಕೆಟ್ಟಿದೆ ಅಂತ ಅಕ್ಷರ ಅಳಿಸಿ ಮತ್ತೆ ಟೈಪ್ ಮಾಡುತ್ತಾ ಕೂರಬೇಡಿ, ಟರ್ಮಿನಲ್ ಬೇಡದ, ತನ್ನದೇ ವಿಂಡೋ ಇರುವ ಜಿವಿಮ್‌ನಲ್ಲಿ ತೆಗೆದು ನೋಡಿ. ಶುರುವಿಗೆ ಯೂಸರ್ ಮ್ಯಾನ್ಯುಯಲ್‌ನ 1ನೇ ಅಧ್ಯಾಯ ತಗೊಳ್ಳಿ, ಚಿಕ್ಕದು. ಆಪ್ಷನ್ಸ್ ಫೈಲ್ ಬಹಳ ದೊಡ್ಡದು, ಅದಕ್ಕೆ ಇಬ್ಬರು ಮೂವರು ಸೇರಿಕೊಂಡ ಮೇಲೆ ಕೈ ಹಾಕಿ.