ಕಥೆಯಲ್ಲಿ ಸವೆದ ಪದಗಳನ್ನು ಹೀಗೆ ತೆಗೆದೆ

ಕಥೆಯ ಕರಡಿನಲ್ಲಿ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು, ಪುಟಕ್ಕೊಮ್ಮೆ ಮೌನ ಆವರಿಸುತ್ತಿತ್ತು. ನಿಘಂಟು ತೆರೆದು ‘ಮೌನ’ವನ್ನು ‘ನೀರವತೆ’ ಮಾಡಿದರೆ ಏನೂ ಬದಲಾಗುವುದಿಲ್ಲ, ಮಂಜಿನ ಮೇಲೆ ಇನ್ನಷ್ಟು ಮಂಜು ಅಷ್ಟೇ.

ಮೊದಲು ಹುಡುಕಾಟ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಯೂನಿಕೋಡಿನಲ್ಲಿ ಹುಡುಕಿದ ಪದ ಸಿಗುವುದೇ ಇಲ್ಲ. ‘ಪೂರ್ಣ ಪದ ಮಾತ್ರ’ ಆಯ್ಕೆ ತೆಗೆದುಹಾಕಿ, ಏಕೆಂದರೆ ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಕ್ರಿಯಾಪದಗಳಿಗೆ ಎರಡು ಸಲ ಹುಡುಕಬೇಕು: ‘ನಗು’ ಎಂದರೆ ‘ನಕ್ಕಳು’ ಸಿಗದು, ‘ಅಳು’ ಎಂದರೆ ‘ಅತ್ತಳು’ ಸಿಗದು.

ಸಿಕ್ಕ ಕಡೆಯಲ್ಲೆಲ್ಲ ಪದ ಬದಲಿಸದೆ ಒಂದೇ ಪ್ರಶ್ನೆ ಕೇಳಿದೆ: ಆ ಕೋಣೆಯಲ್ಲಿ ಆಗ ಏನು ಕೇಳಿಸುತ್ತಿತ್ತು, ಕೈ ಏನು ಮಾಡುತ್ತಿತ್ತು? ‘ಇಬ್ಬರ ನಡುವೆ ಮೌನ ಆವರಿಸಿತು’ ಹೋಗಿ, ‘ಅವಳು ಅವರೆಕಾಳು ಹಿತುಕುತ್ತಲೇ ಇದ್ದಳು. ಒಂದು ಕಾಳು ಜಾರಿ ಅವನ ಕಾಲ ಬಳಿ ಬಿತ್ತು, ಅವನು ಎತ್ತಿಕೊಡಲಿಲ್ಲ’ ಬಂತು. ಉದ್ದವಾಯಿತು, ನಿಜ. ಅದಕ್ಕೇ ದೃಶ್ಯಕ್ಕೆ ಒಂದೇ ಕಡೆ ಹೀಗೆ ಮಾಡಿ, ಉಳಿದ ಮೌನಗಳನ್ನು ಸುಮ್ಮನೆ ಅಳಿಸಿ.

ಜೋಡಿಪದಗಳದ್ದು ಬೇರೆಯೇ ಕಾಟ. ಗಳಗಳ ಅಳು, ಪಕಪಕ ನಗು, ಬಿರಬಿರನೆ ನಡಿಗೆ: ಸವೆದದ್ದು ಅನುಕರಣ ಪದವಲ್ಲ, ಕ್ರಿಯಾಪದದ ಜೊತೆಗಿನ ಅದರ ಕಾಯಂ ಗಂಟು. ಗಂಟು ಬಿಚ್ಚಿ, ಕ್ರಿಯಾಪದವೊಂದನ್ನೇ ಉಳಿಸಿ ಓದಿ. ಬಹುಪಾಲು ಅಷ್ಟೇ ಸಾಕಾಗುತ್ತದೆ.

‘ಎಂದಳು’, ‘ಅಂದ’ ಎಷ್ಟು ಸಲ ಬಂದರೂ ಮುಟ್ಟಬೇಡಿ. ಕಣ್ಣು ಅವನ್ನು ದಾಟಿ ಹೋಗುತ್ತದೆ; ‘ಉಸುರಿದಳು’ ಎಂದೊಡನೆ ಎಡವುತ್ತದೆ.